ಹಲ್ಲಿನ ಬೇರು ತೊಳೆಯುವಾಗ ಎದ್ದ ಕೈ

ನಾನು ನಿಂತಿದ್ದದ್ದು ಶಿಕಾರಿಪುರದ ಒಂದು ಹಲ್ಲಿನ ಕ್ಲಿನಿಕ್ಕಿನ ಒಳಕೋಣೆಯಲ್ಲಿ, ಕುರ್ಚಿಯ ಎಡಕ್ಕೆ, ಬೇಸಿನ್ನಿಗೆ ಬೆನ್ನು ಕೊಟ್ಟು. ಹೋದ ವರ್ಷದ ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದೂವರೆ ದಾಟಿತ್ತು. ಕುರ್ಚಿಯಲ್ಲಿ ಮಲಗಿದ್ದವರು ನನ್ನ ಅಕ್ಕನ ಗಂಡ. ಅವರ ಕನ್ನಡಕ ನನ್ನ ಕೈಯಲ್ಲಿತ್ತು, ನನ್ನದು ನನ್ನ ಮೂಗಿನ ಮೇಲೇ ಇತ್ತು. ಇದನ್ನು ಹೇಳಬೇಕಾಗಿದೆ, ಏಕೆಂದರೆ ನನಗೆ ಸರಿಯಾಗಿ ಕಂಡಿರಲಿಕ್ಕಿಲ್ಲ ಎಂದು ಮನೆಯವರೇ ಹೇಳುತ್ತಾರೆ.

ನಮ್ಮೂರು ಸೊರಬದಲ್ಲಿ ಹಲ್ಲಿನ ಡಾಕ್ಟರು ಇಲ್ಲವೆಂದಲ್ಲ. ಶಿಕಾರಿಪುರದವರ ಚಾವಣಿಯಲ್ಲಿ ಟೀವಿ ಇದೆ, ಬಾಯಿ ತೆರೆದು ಮಲಗಿದವರು ಜಲಪಾತ ನೋಡಬಹುದು ಎಂದು ಯಾರೋ ಭಾವನಿಗೆ ಹೇಳಿದ್ದರು. ಅದಕ್ಕೇ ಬಸ್ಸು ಹತ್ತಿದ್ದೆವು. ಕನ್ನಡಕ ತೆಗೆದ ಮೇಲೆ ಅವರಿಗೆ ಕಂಡದ್ದು ಬರಿಯ ಬಿಳಿ.

ಡಾಕ್ಟರು ವಿವರಿಸುವುದರಲ್ಲಿ ಗಟ್ಟಿಗರು. ಬೇರಿನೊಳಗಿನ ನರ ಸತ್ತು ಕೊಳೆತಿದೆ, ಆ ಸಣ್ಣ ದಾರಿಯನ್ನು ಅರದಂಥ ಕಡ್ಡಿಯಿಂದ ಉಜ್ಜಿ, ಔಷಧದ ನೀರಿನಿಂದ ತೊಳೆಯಬೇಕು ಎಂದರು. "ಸೂಜಿ ಒಳಗೆ ಸಡಿಲ ಇರ್ಬೇಕ್ರೀ. ಬಿಗಿಯಾಗಿ ಕೂತ್ರೆ ನೀರು ವಾಪಸ್ ಬರಲ್ಲ, ಬೇರಿನ ತುದಿ ದಾಟಿ ಮಾಂಸಕ್ಕೆ ಹೋಗುತ್ತೆ." ಇಷ್ಟು ಚೆನ್ನಾಗಿ ಬಲ್ಲವರು ಹಾಗೆ ಮಾಡಲಾರರು ಎಂದುಕೊಂಡೆ. ಬಾಟಲಿಯ ಮುಚ್ಚಳ ತೆಗೆದರು. ಪಂಚಾಯ್ತಿಯವರು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನದ ವಾಸನೆ ಬಂತು.

"ನೋವಾದ್ರೆ ಎಡಗೈ ಎತ್ರಿ ಯಜಮಾನ್ರೆ. ಬಲಗೈ ಬೇಡ, ನನ್ನ ಮೊಣಕೈಗೆ ತಾಗುತ್ತೆ."

ಭಾವ ನನ್ನ ಕಡೆ ತಿರುಗಿದರು. "ಎಂತ ಮಾರಾಯ, ಡಾಕ್ಟ್ರಿಗೆ ಎಡಗೈ ತೋರ್ಸೂದಾ?"

"ಅವರೇ ಹೇಳ್ತಿದಾರಲ್ಲ ಭಾವ."

"ಅವ್ರು ಹೇಳ್ತಾರೆ. ನಂಗೆ ಮರ್ಯಾದೆ ಬೇಡ್ವಾ?"

ಎಂಜಲು ಹೀರುವ ಕೊಳವೆ ಹಿಡಿದು ಕುಳಿತಿದ್ದ ಸಹಾಯಕಿ, ನಡುವಯಸ್ಸಿನ ಹೆಂಗಸು, ನಕ್ಕರು. "ಮರ್ಯಾದೆ ಚಪ್ಪಲಿ ಜೊತೆ ಹೊರಗೆ ಬಿಡ್ಬೇಕು ಅಜ್ಜಾರೆ."

"ಅಜ್ಜ ಅಂತೆ. ನಿಂಗೆಷ್ಟು ವಯಸ್ಸು?" ಎಂದು ಭಾವ ಬಾಯಿ ತೆರೆದರು.

ಮುಂದಿನದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ. ಸೂಜಿ ಮೇಲಿನ ಹಲ್ಲಿನೊಳಗೆ ಹೋಯಿತು. ಡಾಕ್ಟರು ತಾವು ತರಿಸಲಿರುವ ಹೊಸ ಯಂತ್ರದ ಬಗ್ಗೆ ನನಗೆ ಹೇಳುತ್ತಿದ್ದರು. ಮುಖ ನನ್ನ ಕಡೆಗಿತ್ತು. ಸಿರಿಂಜು ಒತ್ತಿದರೆ ಸರಿಯಲಿಲ್ಲ. ಹೆಬ್ಬೆರಳಿನ ಉಗುರು ಬೆಳ್ಳಗಾಗುವಷ್ಟು ಒತ್ತಿದರು. ಸರಿಯಿತು. ಭಾವನ ಪಾದಗಳು ಸೆಟೆದವು. ಎಡಗೈ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು ಹೊಟ್ಟೆಯ ಮೇಲೇ ಇತ್ತು. ಕಣ್ಣಿನ ಕೆಳಗೆ ಕೆನ್ನೆ ಉಬ್ಬತೊಡಗಿತು. ಆಮೇಲೆ ಬಲಗೈ ಎದ್ದಿತು. ಅದು ಯಾರ ಮೊಣಕೈಗೂ ತಾಗಲಿಲ್ಲ.

ಡಾಕ್ಟರು ತಕ್ಷಣ ಸೂಜಿ ತೆಗೆದರು, ಸಲೈನಿನಿಂದ ತೊಳೆದರು, ಕೆನ್ನೆಗೆ ಐಸು ಇಡಿಸಿದರು. ಅದೂ ನಿಜ. ಆದರೆ ಐಸು ಬರುವ ಮೊದಲೇ ಮಾತು ಬಂದಿತ್ತು. "ನೋಡ್ರಿ, ಬಲಗೈ ಬೇಡ ಅಂದಿದ್ದೆ. ಎತ್ತಿಬಿಟ್ರು, ಸೂಜಿ ಒಳಗೆ ನುಗ್ತು. ಅವರು ಕೈ ಎತ್ತಿದ್ದು ನೀವೇ ನೋಡಿದ್ರಲ್ಲ?"

ನಾನು "ಹೌದು ಸರ್" ಅಂದೆ. ಎತ್ತಿದ್ದಂತೂ ನೋಡಿದ್ದೆ. ಯಾವಾಗ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಭಾವನ ಮುಖ ಎರಡು ವಾರ ಬದನೆಕಾಯಿಯ ಬಣ್ಣದಲ್ಲಿತ್ತು. ನೋಡಲು ಬಂದವರಿಗೆಲ್ಲ ಅವರು ತಮ್ಮ ಬಲಗೈಯನ್ನೇ ತೋರಿಸಿ, "ತಪ್ಪು ಇದ್ರದ್ದು" ಎನ್ನುತ್ತಿದ್ದರು. "ಒಂದು ಗಳಿಗೆ ಕೈ ಸುಮ್ನೆ ಇಟ್ಕಳಕ್ಕೆ ಆಗ್ಲಿಲ್ಲ ಇವ್ರಿಗೆ" ಎಂದು ಅಕ್ಕ ಸೇರಿಸುತ್ತಿದ್ದಳು. ಬಾವು ಇಳಿದ ಮೇಲೆ ಭಾವ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಶಿಕಾರಿಪುರಕ್ಕೆ ಹೋಗಿ ಕ್ಷಮೆ ಕೇಳಿದರು. ಡಾಕ್ಟರು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದರು.

ಆಗ ನನಗೆ ತಡೆಯಲಾಗಲಿಲ್ಲ. ನಡೆದದ್ದನ್ನು ಕ್ರಮವಾಗಿ ಹೇಳಿ, "ಕೈ ಎದ್ದದ್ದು ಆಮೇಲೆ ಭಾವ. ತಪ್ಪು ನಿಮ್ದಲ್ಲ" ಅಂದೆ.

ಅವರು ನನ್ನನ್ನೇ ನೋಡಿದರು. "ಅಲ್ಲ ಮಾರಾಯ, ನೀನೇ ಹೌದು ಸರ್ ಅಂದಿದ್ದೆ. ನಂಗೆ ಊದಿದ್ದು ಕೆನ್ನೆ, ಕಿವಿ ಅಲ್ಲ."

ಅಂದಿನಿಂದ ಅವರು ನನ್ನೆದುರು ಆ ವಿಷಯ ಎತ್ತುವುದಿಲ್ಲ.

ಆ ಕೋಣೆಯಲ್ಲಿ ನಾನಲ್ಲದೆ ಮೂವರಿದ್ದರು, ಮೂವರೂ ಬದುಕಿದ್ದಾರೆ. ಭಾವ ನೋವಿಗೆ ಕಣ್ಣು ಮುಚ್ಚಿದ್ದರು. ಡಾಕ್ಟರು ನನ್ನನ್ನು ನೋಡುತ್ತಿದ್ದರು. ಹಲ್ಲನ್ನೂ ಸೂಜಿಯನ್ನೂ ನೋಡುತ್ತಿದ್ದವರು ಕೊಳವೆ ಹಿಡಿದಿದ್ದ ಆ ಸಹಾಯಕಿ. ಅವರೀಗ ಸೊರಬದ ಬಸ್ ನಿಲ್ದಾಣದ ಹತ್ತಿರ ಬೇರೊಂದು ಕ್ಲಿನಿಕ್ಕಿನಲ್ಲಿದ್ದಾರೆ. ನಮ್ಮ ಮನೆಯಿಂದ ಐದು ನಿಮಿಷದ ನಡಿಗೆ. ನಾನಿನ್ನೂ ಹೋಗಿ ಕೇಳಿಲ್ಲ.