ಬೇವಿನ ಗಿಡದ ಖಾನಾವಳಿ

ತಾವರಗೇರಾದ ಸಂತೆಗೆ ಬಂದವರು ಹುಲಗೆಮ್ಮನ ಬಾಯಿಗೆ ಹೆದರುತ್ತಿದ್ದರು, ಅವಳ ರೊಟ್ಟಿಗೆ ಸೋಲುತ್ತಿದ್ದರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರಲ್ಲ, ಹುಲಗೆಮ್ಮನಿಗೆ ಊಟವೂ ಗೊತ್ತಿತ್ತು, ಮಾತೂ ಗೊತ್ತಿತ್ತು. ಜಗಳ ಮಾತ್ರ ಒಂದು ದಿನವೂ ತಪ್ಪಿದ್ದಲ್ಲ. ರೊಟ್ಟಿ ತಣ್ಣಗಿದೆ ಎಂದವನಿಗೆ, "ಹೊತ್ತಿಗೆ ಬಂದಿದ್ರ ಬಿಸಿ ಇರ್ತಿತ್ತು. ರೊಟ್ಟಿಗೇನು ನಿನ್ನ ಹಾದಿ ಕಾಯೋದೇ ಕೆಲಸೇನು?" ಎಂದು ಕೇಳುವಳು. ಅವನು ಉತ್ತರ ಹುಡುಕುವಷ್ಟರಲ್ಲಿ ಹಂಚಿನ ಮೇಲಿನ ಬಿಸಿ ರೊಟ್ಟಿ ಅವನ ತಟ್ಟೆಗೆ ಬಂದು ಬಿದ್ದಿರುತ್ತಿತ್ತು.

ಹುಲಿಹೈದರದಿಂದ ಸೊಸೆಯಾಗಿ ಬಂದಾಗ ಅವಳಿಗೆ ಸಿಕ್ಕಿದ್ದು ಮಾತೇ ಆಡದ ಗಂಡ ಯಂಕೋಬ, ಮಾತು ನಿಲ್ಲಿಸದ ಅತ್ತೆ ಮತ್ತು ಮನೆ ಮುಂದಿನ ಬೇವಿನ ಗಿಡ. ನಮ್ಮ ಕಡೆ ಮುಗಿಲು ಮುಟ್ಟಿದರೂ ಅದು ಗಿಡವೇ. ಮರ ಅನ್ನುವವರು ಪುಸ್ತಕ ಓದಿದವರು. ಅತ್ತೆ ಅದರ ಕೆಳಗೆ ಒಲೆ ಹೂಡಿ ಸಂತೆಯವರಿಗೆ ರೊಟ್ಟಿ ಬಡಿಯುತ್ತಿದ್ದಳು. ಅತ್ತೆಯ ನಂತರ ಹುಲಗೆಮ್ಮ ಕೂತಳು, ಹಿಂದೆ ತಗಡಿನ ಶೆಡ್ ಹಾಕಿಸಿದಳು, "ಬೇವಿನ ಗಿಡದ ಖಾನಾವಳಿ" ಎಂದು ಬೋರ್ಡ್ ಬರೆಸಿದಳು. ಶೆಡ್ಡಿನೊಳಗೆ ಮಾತ್ರ ಯಾರೂ ಕೂರುತ್ತಿರಲಿಲ್ಲ. ಗಿಡದ ಬೊಡ್ಡೆಯಲ್ಲಿ ಗಬ್ಬದ ಎಮ್ಮೆಯ ಹೊಟ್ಟೆಯಂಥ ಗಂಟೊಂದಿತ್ತು, ಅದಕ್ಕೆ ಬೆನ್ನು ಕೊಟ್ಟು ಉಣ್ಣಲು ಪೈಪೋಟಿ. ಆ ಜಾಗ ಹೆಚ್ಚಾಗಿ ಓಬಳೆಪ್ಪಜ್ಜನ ಪಾಲು. ಹಲ್ಲಿ ಲೊಚಗುಟ್ಟಿದರೂ ಅರ್ಥ ಹೇಳುವ ಮುದುಕ. ಅವನು ಹೂಂ ಅಂದರೆ ಓಣಿ ಹೂಂ, ಅವನು ಊಹೂಂ ಅಂದರೆ ಓಣಿ ಊಹೂಂ. ಹುಲಗೆಮ್ಮನಿಗೆ ಎದುರು ಮಾತಾಡುವ ಎದೆಗಾರಿಕೆ ಇದ್ದವನೂ ಅವನೊಬ್ಬನೇ.

ಹೋದ ವರ್ಷ ಬೇಸಿಗೆಯ ಕೊನೆಗೆ ಒಂದು ಸಂಜೆ ಎದ್ದ ಗಾಳಿ ಗಿಡವನ್ನು ಬೇರುಸಮೇತ ಕಿತ್ತು ರಸ್ತೆಗೆ ಅಡ್ಡ ಮಲಗಿಸಿತು. ದೇವರ ದಯೆ, ಯಾರಿಗೂ ಏಟಾಗಲಿಲ್ಲ. ಹುಲಗೆಮ್ಮ ಹಿಟ್ಟಿನ ಕೈಯಲ್ಲೇ ನಿಂತು ಗೊಳೋ ಎಂದು ಅತ್ತಳು. ಅತ್ತೆ ಸತ್ತಾಗಲೂ ಇಷ್ಟು ಅತ್ತಿರಲಿಲ್ಲ ಎಂದು ಓಣಿಯವರು ಹೇಳುತ್ತಾರೆ. ಅವಳೂ ಇಲ್ಲ ಅನ್ನುವುದಿಲ್ಲ.

ಬೆಳಗಾಗುತ್ತಲೇ ಜನ ಕೊಡಲಿ ಹಿಡಿದು ಬಂದರು. "ಟೊಂಗಿ ಬೇಕಾದಷ್ಟು ಒಯ್ರಿ. ಬೊಡ್ಡಿ ಮುಟ್ಟಿದ್ರ ನೋಡ್ರಿ ಮತ್ತ!" ಎಂದು ಅವಳು ಗಂಟಿನ ಮೇಲೆ ಹತ್ತಿ ಕೂತಳು. ರಾತ್ರಿಯೆಲ್ಲ ಅತ್ತು ಅವಳಿಗೆ ಒಂದು ದಾರಿ ಹೊಳೆದಿತ್ತು. ನೆರಳು ಹೋಯಿತು, ಕಾದ ತಗಡಿನ ಕೆಳಗೆ ಉಣ್ಣಲು ಯಾರು ಬಂದಾರು? ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಫ್ಯಾನ್ ತಿರುಗುತ್ತದೆ. ಇಷ್ಟು ದಿನ ಗಿಡದ ಕೆಳಗೆ ಉಂಡವರು ಇನ್ನು ಗಿಡದ ಮೇಲೆ ಉಣ್ಣಲಿ, ಬೊಡ್ಡೆಯಿಂದ ಉದ್ದನೆಯ ಟೇಬಲ್ ಮಾಡಿಸಿಬಿಡುತ್ತೇನೆ. ಅದಾಗದಿದ್ದರೆ ಬೋರ್ಡ್ ಇಳಿಸಬೇಕು. ಬೋರ್ಡ್ ಇಳಿಸಿದ ಮೇಲೆ ಒಲೆ ಹಚ್ಚುವ ಮನಸ್ಸು ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಟ್ರ್ಯಾಕ್ಟರಿನಲ್ಲಿ ಬೊಡ್ಡೆ ಹೇರಿಕೊಂಡು ನಜೀರಸಾಬನ ಕಟ್ಟಿಗೆ ಮಿಲ್ಲಿಗೆ ಹೋದಳು. ಹಿಂದೆ ಅರ್ಧ ಓಣಿ. ನಜೀರಸಾಬ ಮೊದಲು ಬೊಡ್ಡೆಯ ಸುತ್ತ ಕೈಯಾಡಿಸಿ, ಯಾರೋ ಯಾವ ಕಾಲದಲ್ಲೋ ಹರಕೆಗೆ ಹೊಡೆದ ಮೊಳೆಗಳನ್ನು ಕಿತ್ತ. ಆಮೇಲೆ ಗರಗಸ ಗಂಟಿನ ನಡುವೆ ಹಾಯ್ದು ಹಲಗೆ ಬಿಚ್ಚಿಕೊಂಡಿತು. ಕೆಂಪು ಕಟ್ಟಿಗೆಯಲ್ಲಿ ಸುಳಿಸುಳಿ ಗೆರೆಗಳು. ಸುಳಿಗಳ ನಡುವೆ ಎರಡು ಕಣ್ಣು, ಹರಡಿದ ಕೂದಲು, ಮೂಗಿನ ಹತ್ತಿರ ನತ್ತಿನಂಥ ಒಂದು ಚುಕ್ಕೆ.

"ಹುಲಗೆಮ್ಮ!" ಎಂದು ಓಬಳೆಪ್ಪಜ್ಜ ಕೂಗಿದ.

"ಯಾಕಜ್ಜಾ? ಇಲ್ಲೇ ಅದೀನಲ್ಲ."

"ನೀ ಅಲ್ಲಬೇ! ತಾಯಿ! ಹುಲಗಿ ತಾಯಿ ಹಲಗ್ಯಾಗ ಬಂದಾಳ!"

ಆಳುಗಳು ಚಪ್ಪಲಿ ಬಿಟ್ಟರು. ಮಿಷನ್ ನಿಂತಿತು. ಎಲ್ಲಿಂದ ಬಂತೋ, ಕುಂಕುಮ ಬಂತು, ಕಾಯಿ ಬಂತು. "ಇದಕ್ಕೊಂದು ಕಟ್ಟಿ ಕಟ್ಟಿಸಿ ಕುಂದ್ರಸಬೇಕು. ಟೇಬಲ್ ಅಂತ, ಟೇಬಲ್! ತಾಯಿ ಮ್ಯಾಲ ಎಂಜಲ ಗಂಗಾಳ ಇಡಾಕ ಬರ್ತೈತೇನು?" ಎಂದ ಅಜ್ಜ. ಎಲ್ಲರೂ ಹೂಂ ಅಂದರು. ದೇವಿಯ ಹೆಸರು ಹೊತ್ತ ಹುಲಗೆಮ್ಮ ದೇವಿಯ ಜೊತೆ ಹೇಗೆ ಜಗಳ ಮಾಡುವುದು?

ನಜೀರಸಾಬ ಹಲಗೆಗಳ ತುದಿ ಸೀಳದಿರಲೆಂದು ಬಣ್ಣ ಬಳಿದುಕೊಡುತ್ತ ಮೆಲ್ಲಗೆ ಹೇಳಿದ: "ಅಕ್ಕಾ, ಹಸಿ ಕಟಗಿ ಐತ್ರಿ. ನೆರಳಾಗ ಮಲಗಸ್ರಿ. ಹಲಗಿ ಹಲಗಿ ನಡುವ ಸಣ್ಣ ಕಟಗಿ ಪಟ್ಟಿ ಕೊಡ್ರಿ, ಗಾಳಿ ಆಡಬೇಕು. ಮ್ಯಾಲ ಕಲ್ಲು ಹೇರ್ರಿ, ಇಲ್ಲಂದ್ರ ಡೊಂಕ ಆಗ್ತಾವ. ಬಿಸಲು ಬಡಿದ್ರ ಸೀಳತಾವ, ನೀರು ಬಿದ್ರ ಹಾಳಾಗ್ತಾವ. ಬರೋ ಬ್ಯಾಸಿಗಿ ತನಕ ಮುಟ್ಟಬ್ಯಾಡ್ರಿ."

ಹಲಗೆ ಶೆಡ್ಡಿಗೆ ಬಂದ ಮರುದಿನ ಕಸ ಹೊಡೆಯುವ ಹೊತ್ತಿಗೇ ಅಜ್ಜ ಹಾಜರ್. ಹಿಂದೆ ಕೊಡ ಹೊತ್ತ ಹೆಂಗಸರು, ಎಣ್ಣೆಯ ಗಿಂಡಿ. ತಾಯಿಗೆ ಸ್ನಾನವಂತೆ! ಹುಲಗೆಮ್ಮ ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತಳು.

"ನಿಲ್ರಿ! ರಾತ್ರಿ ತಾಯಿ ನನ್ನ ಕನಸಿನ್ಯಾಗ ಬಂದಿದ್ಲು."

ಕನಸೂ ಇಲ್ಲ, ಗಿನಸೂ ಇಲ್ಲ. ರಾತ್ರಿಯೆಲ್ಲ ಅವಳು ಗೊರಕೆ ಹೊಡೆದದ್ದಕ್ಕೆ ಯಂಕೋಬನೇ ಸಾಕ್ಷಿ.

"ಏನಂದ್ಲು?" ಅಜ್ಜನ ಕಣ್ಣು ಅರಳಿದವು.

"ನೀರು ಬ್ಯಾಡ, ಎಣ್ಣಿ ಬ್ಯಾಡ ಅಂದ್ಲು. ನೆರಳಾಗ ಮಲಗಸು, ಮಗ್ಗಲಿಗೆ ಪಟ್ಟಿ ಕೊಡು, ಮ್ಯಾಲ ಕಲ್ಲು ಹೇರು ಅಂದ್ಲು. ಬರೋ ಬ್ಯಾಸಿಗಿ ತನಕ ಯಾರೂ ಮುಟ್ಟಬಾರದಂತ."

"ಕಲ್ಲು ಹೇರು ಅಂದ್ಲಾ?"

"ಅಂದ್ಲು."

ಅಜ್ಜ ತಾನೇ ಹೋಗಿ ದೊಡ್ಡದೊಂದು ಕಲ್ಲು ತಂದ. ಸುದ್ದಿ ಕೇಳಿದ ನಜೀರಸಾಬ ಹೊಟ್ಟೆ ಹಿಡಿದು ನಕ್ಕ. "ಭಲೇ ಅಕ್ಕಾ! ನನ್ನ ಮಾತು ತಾಯಿ ಬಾಯಾಗ ಹಾಕಿಬಿಟ್ರಲ್ಲ!"

ಹೀಗೆ ಹಲಗೆಗಳು ಕದಲದೆ ಒಣಗಿದವು. ಇತ್ತ ಗಿರಾಕಿ ಕಡಿಮೆಯಾದರು. "ಬೋರ್ಡ್ ಐತಿ, ಗಿಡ ಎಲ್ಲೈತಿ ಅಕ್ಕಾ?" ಎಂದು ಹುಡುಗರು ಚುಡಾಯಿಸಿದರೆ, "ಒಳಗ ಮಲಗೈತಿ, ಎಬ್ಬಿಸಬ್ಯಾಡ್ರಿ" ಎನ್ನುತ್ತಿದ್ದಳು. ಮಳೆಗಾಲದಲ್ಲಿ ಒಂದು ದಿನ ಒಲೆಯ ಕಟ್ಟಿಗೆಯೆಲ್ಲ ನೆಂದು ಬರೀ ಹೊಗೆ. ಹುಲಗೆಮ್ಮ ಅತ್ತಿತ್ತ ನೋಡಿದಳು. ಶೆಡ್ಡಿನ ಮೂಲೆಯಲ್ಲಿ ಹಲಗೆಗಳ ನಡುವೆ ಒಣ ಒಣ ಪಟ್ಟಿ. ಒಂದೇ ಒಂದು ಎಂದು ಎಳೆದಳು. ಮರುದಿನ ಇನ್ನೊಂದು. ರೊಟ್ಟಿ ಬಡಿಯುವವಳ ಕಣ್ಣಿಗೆ ಒಣ ಪುಳ್ಳೆ ಬಿದ್ದರೆ ಕೈ ಸುಮ್ಮನಿರುತ್ತದೆಯೇ? ಕೊನೆಗೆ ಯಂಕೋಬ ಬಾಯಿ ಬಿಟ್ಟ: "ಅದು ತಾಯಿ ಮಗ್ಗಲಿಂದು." ಅವಳು ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಆ ಮೂಲೆಯ ಹಲಗೆ ಡೊಂಕಾಗಿತ್ತು.

ಬೇಸಿಗೆ ಬಂತು. ಕಲ್ಲು ಇಳಿಸಿ ನೋಡಿದರೆ ಹಲಗೆ ಬೂದಿಬಣ್ಣ, ಮುಖದ ಸುಳಿವೇ ಇಲ್ಲ. ತಾಯಿ ತಾನೇ ಎದ್ದು ಹೋದಳು ಎಂದು ಹುಲಗೆಮ್ಮ ಕೈಮುಗಿದು, ಬಡಿಗೇರ ಗೌರೀಶನನ್ನು ಕರೆಸಿದಳು. ಅವನು ಹಲಗೆ ಜೋಡಿಸಿ, ಉಜ್ಜುಗೊರಡು ಹೊಡೆದು, ಎಣ್ಣೆ ಅದ್ದಿದ ಬಟ್ಟೆ ಎಳೆದ. ಎಳೆದವನೇ ಬಟ್ಟೆ ಕೆಳಗಿಟ್ಟ. ಕಣ್ಣು, ಕೂದಲು, ನತ್ತು, ಮೊದಲಿಗಿಂತ ನಿಚ್ಚಳವಾಗಿ ಮೂಡಿದ್ದವು.

"ಅಕ್ಕಾ, ಈ ಹಲಗಿ ಬೋರಲ ಹಾಕ್ಲೇನ್ರಿ? ಯಾರಿಗೂ ಕಾಣಂಗಿಲ್ಲ."

ಹುಲಗೆಮ್ಮ ಆ ಮುಖದ ಮೇಲೆ ಕೈಯಾಡಿಸಿದಳು. "ಬ್ಯಾಡಪ. ಮುಖ ಮುಚ್ಚಿ ಇಡಾಕ ಆಕಿ ಏನು ತಪ್ಪು ಮಾಡ್ಯಾಳ? ತಪ್ಪು ಮಾಡಿದಾಕಿ ನಾನು."

ಸಂತೆಯ ದಿನ ಟೇಬಲ್ ಶೆಡ್ಡಿನಲ್ಲಿ ನಿಂತಿತು. ಜನ ಬಾಗಿಲವರೆಗೆ ಬಂದರು, ಮುಖ ನೋಡಿದರು, ಅಲ್ಲೇ ನಿಂತರು. ಓಬಳೆಪ್ಪಜ್ಜ ಕಾಯಿ, ಊದಿನಕಡ್ಡಿ ಹಿಡಿದು ಬಂದ. ನೋಡಿದವನೇ ಕೆಂಡವಾದ.

"ಹುಲಗೆಮ್ಮ! ನಿನ್ನ ಕೂಡ ಮಾತಾಡಿದ ತಾಯೀನ ಟೇಬಲ್ ಮಾಡಿದಿ!"

"ತಾಯಿ ಮಾತೇ ಆಡಿಲ್ಲಜ್ಜ. ಕನಸು ನಾ ಕಟ್ಟಿದ್ದು. ಅದು ನಜೀರಣ್ಣ ಹೇಳಿದ ಮಾತು. ನನ್ನ ಗಿಡ ಉಳೀಲಿ ಅಂತ ಸುಳ್ಳು ಹೇಳೀನಿ, ತಪ್ಪಾತು." ಅವಳು ಕೈಮುಗಿದಳು. "ಆದ್ರ ಒಂದು ಹೇಳು. ನೀ ಸಣ್ಣಾಂವ ಇದ್ದಾಗ ನಿಮ್ಮವ್ವ ನಿನಗ ಎಲ್ಲಿ ಕುಂದ್ರಿಸಿಕೊಂಡು ಉಣಸ್ತಿದ್ಲು?"

"ಎಲ್ಲಿ ಅಂದ್ರ... ತೊಡಿ ಮ್ಯಾಲ."

"ನೀ ಚೆಲ್ಲಿದ್ರ?"

"ಸೆರಗಿಲೆ ಒರಸ್ತಿದ್ಲು."

"ಎಂಜಲಾತು ಅಂತ ತೊಡಿ ಮ್ಯಾಲಿಂದ ಇಳಿಸಿದ್ಲೇನು?"

ಅಜ್ಜ ಕಾಯಿಯನ್ನು ಒಲೆಯ ಕಟ್ಟೆಯ ಮೇಲಿಟ್ಟ. ಟೇಬಲ್ಲಿಗೆ ಹಣೆ ಮುಟ್ಟಿಸಿದ. ಆಮೇಲೆ ಹೋಗಿ ಕೂತ, ಅದೂ ಸರಿಯಾಗಿ ಆ ಡೊಂಕು ಮೂಲೆಯಲ್ಲಿ. ಹುಲಗೆಮ್ಮ ಗಂಗಾಳ ಇಟ್ಟು ರೊಟ್ಟಿ, ಶೇಂಗಾ ಹಿಂಡಿ, ಬಟ್ಟಲು ತುಂಬ ಸಾರು ಬಡಿಸಿದಳು. ಬಟ್ಟಲು ವಾಲಿತು. ಸಾರು ಹರಿದು ನೇರ ತಾಯಿಯ ಗದ್ದಕ್ಕೆ ಹೋಯಿತು. ಬಾಗಿಲಲ್ಲಿ ನಿಂತವರು ಒಂದು ಹೆಜ್ಜೆ ಹಿಂದೆ ಸರಿದರು.

ಅಜ್ಜ ಹೆಗಲ ಮೇಲಿನ ಟವೆಲ್ ತೆಗೆದು, ಮಗುವಿನ ಬಾಯಿ ಒರೆಸಿದಂತೆ ಆ ಗದ್ದ ಒರೆಸಿದ.

"ಹಲಗಿ ಡೊಂಕ ಐತಲ್ಲಬೇ. ಇದೂ ತಾಯಿ ಹೇಳಿದ್ದೇನು?"

"ಇಲ್ಲಜ್ಜ," ಹುಲಗೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು, "ಅದು ಈ ಹುಲಗೆಮ್ಮನ ಕೆಲಸ."

"ಅನ್ಕೊಂಡೆ," ಎಂದು ಅಜ್ಜ ರೊಟ್ಟಿ ಮುರಿದ. ಬಾಗಿಲ ಕಡೆ ತಿರುಗಿ ಗದರಿದ: "ಏನು ನೋಡಾಕ ಹತ್ತೀರಿ? ಬರ್ರಿ, ಗಿಡದ ಕೆಳಗ ಕುಂದರ್ರಿ. ರೊಟ್ಟಿ ಆರತಾವ."