ಇಲ್ಲದ ಜಾಗದಲ್ಲಿ ಒಂದು ಕೈ

ರವಿಕೆಯ ಎಡತೋಳು ಮೊಣಕೈ ದಾಟಿ ಹತ್ತಲಿಲ್ಲ. ಬಲತೋಳು ಸಲೀಸಾಗಿ ಹತ್ತಿತು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಶರ್ಟಿಗೆ ತೋಳು ಕೂರಿಸುವ ಕೆಲಸ ನನ್ನದು. ಆ ರವಿಕೆಯನ್ನೂ ನಾನೇ ಹೊಲಿದಿದ್ದೆ. ಬಿಚ್ಚಿ ಅಳೆದೆ. ಎರಡೂ ತೋಳು ಒಂದೇ ಅಳತೆ.

ದಪ್ಪವಾಗಿದ್ದದ್ದು ಕೈ.

ಎಡಸ್ತನವನ್ನೂ ಕಂಕುಳಿನ ಗಂಟುಗಳನ್ನೂ ತೆಗೆದು, ಕೀಮೋ, ರೇಡಿಯೇಷನ್ ಎಲ್ಲ ಮುಗಿದಿತ್ತು. ಭುಜ ಮಾತ್ರ ಮೇಲೇಳುತ್ತಿರಲಿಲ್ಲ. ಎದ್ದರೆ ಮತ್ತೆ ಮಷಿನ್ ಮುಂದೆ ಕೂರಬಹುದು. ಅದಕ್ಕೇ ನಮ್ಮ ರಸ್ತೆಯ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋಗುತ್ತಿದ್ದೆ. ಅಲ್ಲಿದ್ದವಳು ನವ್ಯಾ. ಭುಜ ಹಿಡಿದಿದೆ ಎಂದು ಬಂದವರಿಗೆಲ್ಲ ಅವಳು ಬಿಸಿ ಪ್ಯಾಕ್ ಇಟ್ಟು, ಕರೆಂಟ್ ಕೊಟ್ಟು, ಗಟ್ಟಿಯಾಗಿ ತಿಕ್ಕುತ್ತಿದ್ದಳು. ಆಪರೇಷನ್ ಆಗಿದೆ ಎಂದೆ.

‘ಬಿಸಿ ಇಡೋದು ಭುಜಕ್ಕೆ ತಾನೆ ಅಕ್ಕಾ, ಏನಾಗಲ್ಲ.’

ಅವಳಿಗೆ ಹೇಳದೇ ಇದ್ದದ್ದು ಬೇರೆ. ಅವಳು ಕಂಕುಳ ಬಳಿ ಮುಟ್ಟಿದರೆ ಅಲ್ಲಿನ ಚರ್ಮಕ್ಕೆ ಏನೂ ತಿಳಿಯುತ್ತಿರಲಿಲ್ಲ. ತಿಳಿಯುತ್ತಿದ್ದದ್ದು ಸ್ತನಕ್ಕೆ.

ತೆಗೆದುಹಾಕಿದ ಸ್ತನಕ್ಕೆ.

ಮಟಮಟ ಮಧ್ಯಾಹ್ನ ಅಕ್ಕಿ ಆರಿಸುತ್ತಾ ಕೂತಾಗ ಅಲ್ಲಿ ತುರಿಸುತ್ತಿತ್ತು. ಬೆರಳು ಒಯ್ದರೆ ಬರೀ ಬಟ್ಟೆ. ಕೈ ಎತ್ತಿದರೆ ಅದೂ ಜೊತೆಗೆ ಮೇಲೇಳುತ್ತಿತ್ತು, ಮೊದಲಿನ ಭಾರದಲ್ಲೇ. ಮನೆಯವರು ಹೆದರಿಯಾರು ಎಂದು ಸುಮ್ಮನಿದ್ದೆ. ಕೈ ಎತ್ತುವುದನ್ನೇ ಬಿಟ್ಟೆ.

ಊದಿದ ಕೈಯನ್ನು ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಕ್ಯಾನ್ಸರ್ ಮರಳಿಲ್ಲ, ರಕ್ತ ಹೆಪ್ಪುಗಟ್ಟಿಲ್ಲ. ಇದು ಲಿಂಫೆಡಿಮಾ, ಗಂಟು ತೆಗೆದ ಕಡೆ ನೀರು ಇಳಿಯದೆ ನಿಂತಿದೆ ಎಂದರು. ಅಲ್ಲಿನ ಹಿರಿಯ ಫಿಸಿಯೋ ಮೇಡಂ, ‘ಭಾನುವಾರ ಏರಿಯಾ ಕ್ಲಿನಿಕ್‌ನವರಿಗೆ ಟ್ರೈನಿಂಗ್ ಇಟ್ಟಿದ್ದೀನಿ. ನಿಮ್ಮ ಕೈ ಮೇಲೇ ಕಲಿಸ್ಲಾ?’ ಎಂದು ಕೇಳಿದರು. ಒಪ್ಪಿದೆ.

ಸುತ್ತ ನಿಂತವರಲ್ಲಿ ನವ್ಯಾಳೂ ಇದ್ದಳು. ನನ್ನನ್ನು ಕಂಡು ತಲೆ ತಗ್ಗಿಸಿದಳು.

‘ತಿಕ್ಕೋದನ್ನ ಮರೀರಿ. ಚರ್ಮ ಮಾತ್ರ ಸರಿಯಬೇಕು. ಕಣ್ಣು ಮುಚ್ಚಿ ಮುಟ್ಟಿ, ಆಗ ನಿಮ್ಮ ಕೈ ಭಾರ ಎಷ್ಟು ಅಂತ ಗೊತ್ತಾಗುತ್ತೆ’ ಎಂದರು ಮೇಡಂ.

ಫ್ಯಾನ್ ಆರಿಸಿದರು. ಒಬ್ಬೊಬ್ಬರೇ ಕಣ್ಣು ಮುಚ್ಚಿಕೊಂಡು ನನ್ನ ಮೇಲೆ ಬಾಗಿದರು. ಮುಚ್ಚಿದ ಕಣ್ಣಿನ ಆ ಮುಖಗಳನ್ನು ನೋಡುತ್ತಾ ನಾನು ಮಲಗಿದ್ದೆ. ಕಂಕುಳ ಮುಟ್ಟಿದ ಪ್ರತಿ ಕೈಯೂ ಇಲ್ಲದ ಜಾಗದಲ್ಲೇ ಬಂದು ಕೂರುತ್ತಿತ್ತು. ಕೊನೆಗೆ ನವ್ಯಾ. ಎಷ್ಟು ಹಗುರಾಗಿ ಇಟ್ಟಳೆಂದರೆ, ಅವಳ ಕೈ ನನ್ನ ಮೇಲಿದೆ ಎಂದು ಮೊದಲು ಹೇಳಿದ್ದು ಇಲ್ಲದ ಆ ಸ್ತನವೇ.

ಬೆಚ್ಚಿದೆ.

‘ನೋವಾಯ್ತಾ?’

‘ಇಲ್ಲ ಮೇಡಂ. ಅವ್ಳು ಮುಟ್ಟಿದ್ದು ಕಂಕುಳಲ್ಲಿ. ಗೊತ್ತಾಗ್ತಿರೋದು ಇಲ್ಲಿ’ ಎಂದು ಖಾಲಿ ಎದೆ ತೋರಿಸಿದೆ.

ನವ್ಯಾ ಕಣ್ಣು ತೆರೆದಳು. ಮೇಡಂ ಮುಖ ಬದಲಾಗಲಿಲ್ಲ.

‘ಇನ್ನೂ ಎಷ್ಟೋ ಜನಕ್ಕೆ ಹಿಂಗಾಗುತ್ತಮ್ಮ. ಅದು ಹೋಗಿದ್ದು ತಲೆಗಿನ್ನೂ ತಿಳಿದಿರಲ್ಲ.’ ಆಮೇಲೆ ಕಲಿಯಲು ಬಂದವರ ಕಡೆ ತಿರುಗಿದರು. ‘ನೀವಾಗಿ ಕೇಳ್ದೆ ಇದ್ರೆ ಇವರು ಹೇಳಲ್ಲ. ಕೈ ಯಾಕೆ ಎತ್ತಲ್ಲ ಅಂತ ನಿಮಗೂ ಗೊತ್ತಾಗಲ್ಲ.’

ನವ್ಯಾ ಮೆಲ್ಲಗೆ ಕೇಳಿದಳು: ‘ನಾನು ಬಿಸಿ ಇಟ್ಟಿದ್ದಕ್ಕೇ ಊದಿದ್ದಾ ಮೇಡಂ?’

‘ಅದಕ್ಕೇ ಅಂತ ಹೇಳಕ್ಕಾಗಲ್ಲ. ಇಡಬಾರದಿತ್ತು.’

ಹೊರಗೆ ಕಾರಿಡಾರಿನಲ್ಲಿ ಅವಳು ನನ್ನ ದಾರಿ ಕಾಯುತ್ತಿದ್ದಳು. ‘ಇನ್ನು ನನ್ನ ಹತ್ರ ಬರಲ್ಲ ಅಲ್ವಾ ಅಕ್ಕಾ?’

‘ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟ್ಕೊಂಡು ದಿನಾ ಇಲ್ಲಿಗೆ ಬರಕ್ಕೆ ನಿಮ್ಮಪ್ಪ ಕಾರ್ ಕಳಿಸ್ತಾರೇನಮ್ಮ?’

ಈಗ ಕೈ ಭುಜದ ಮಟ್ಟಕ್ಕೆ ಏಳುತ್ತದೆ. ನವ್ಯಾ ಬ್ಯಾಂಡೇಜ್ ಸುತ್ತಿ ಸುತ್ತಿ ಊತ ಸ್ವಲ್ಪ ಇಳಿದಿದೆ. ತೋಳಿನ ಮಷಿನ್ ಇನ್ನೂ ಆಗುವುದಿಲ್ಲ. ಚೆಕ್ಕಿಂಗ್ ಟೇಬಲ್ಲಿಗೆ ಹಾಕಿದ್ದಾರೆ. ಅಷ್ಟಾದರೂ ಆಯಿತು.

ನವ್ಯಾ ಮುಟ್ಟುವ ಮೊದಲು ಕೇಳುತ್ತಾಳೆ, ‘ಅಲ್ಲಿ ಹೆಂಗಿದೆ ಅಕ್ಕಾ ಇವತ್ತು?’

‘ತುರಿಸ್ತಿದೆ’ ಎನ್ನುತ್ತೇನೆ.

ತುರಿಕೆ ಇಳಿಯಲೆಂದು ಇಬ್ಬರೂ ಕಾಯುತ್ತೇವೆ. ಆಮೇಲೆ ಕೈ ಎತ್ತುತ್ತೇನೆ. ಅದೂ ಏಳುತ್ತದೆ. ಏಳಲಿ ಎಂದು ಬಿಟ್ಟಿದ್ದೇನೆ.