ಒಂದೇ ಬೀಕರಿನ ಎಂಜಲು

ಎಂಜಲೆಂದರೆ ನನಗೆ ಚಿಕ್ಕಂದಿನಿಂದಲೂ ಹೇಸಿಗೆ. ಕಲಬುರಗಿಯ ಸ್ಟೇಶನ್ ಬಜಾರದ ನಮ್ಮ ಮನೆಯಿಂದ ಹೊರಬಿದ್ದರೆ ಗೋಡೆಗಳ ಮೇಲಿನ ಗುಟ್ಕಾದ ಕಲೆಗಳನ್ನು ನೋಡಬಾರದೆಂದು ತಲೆ ತಗ್ಗಿಸುತ್ತೇನೆ. ನೆಲದ ಮೇಲೂ ಅದೇ ಇರುತ್ತದೆ. ಅಂಥ ನಾನೇ ಒಮ್ಮೆ ಮಕ್ಕಳಿಂದ ಉಗುಳಿಸಿದೆ.

ದಿನಾ ಬಸ್ಸಿನಲ್ಲಿ ಕಮಲಾಪುರದ ಕಾಲೇಜಿಗೆ ಹೋಗಿ ಜೀವಶಾಸ್ತ್ರ ಕಲಿಸುತ್ತೇನೆ. ವರ್ಷಕ್ಕೊಮ್ಮೆ ಅಲ್ಲಿಯದೇ ಕೆಂಪು ಬಾಳೆಹಣ್ಣನ್ನು ಹಿಸುಕಿ, ಉಪ್ಪು ಮತ್ತು ಪಾತ್ರೆ ತೊಳೆಯುವ ಸೋಪಿನ ನೀರು ಬೆರೆಸಿ, ಸೋಸಿ, ಮೇಲೆ ತಣ್ಣನೆಯ ಸ್ಪಿರಿಟ್ ಸುರಿಯುತ್ತಿದ್ದೆವು. ಸಿಂಬಳದಂಥ ಬಿಳಿ ಎಳೆಗಳು ಮೇಲೇಳುತ್ತಿದ್ದವು. ಅದೇ ಡಿಎನ್‌ಎ, ವಂಶವಾಹಿಗಳು ಇರುವುದು ಅದರಲ್ಲೇ ಎಂದು ಹೇಳುತ್ತಿದ್ದೆ.

ಆ ಸಲ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು, "ಮೇಡಂ, ಇದು ಬಾಳಿಹಣ್ಣಿಂದಾತು. ನಮ್ದು ಎಲ್ಲಿ ಇರ್ತದ್ರೀ?"

ಜೀವಕೋಶದೊಳಗೆ ಕೋಶಕೇಂದ್ರ ಇರುವಲ್ಲೆಲ್ಲ ಎಂದೆ. ಚರ್ಮದಲ್ಲಿ, ಕೂದಲ ಬುಡದಲ್ಲಿ, ಕೆನ್ನೆಯ ಒಳಭಾಗದಲ್ಲಿ.

"ತೋರಿಸ್ರಲಾ!"

ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಲು ಹೇಳಿದೆ. ಬೀಕರುಗಳು ಕಡಿಮೆ ಇದ್ದವು. ಅವಳೂ ಅವಳ ಪಕ್ಕದ ಗೆಳತಿಯೂ ಒಂದರಲ್ಲೇ ಉಗುಳಿದರು. ನಾನು ಮುಖ ಪಕ್ಕಕ್ಕೆ ಹೊರಳಿಸಿಕೊಂಡೇ ಸೋಪಿನ ನೀರು ಬೆರೆಸಿದೆ. ಸ್ಪಿರಿಟ್ ಸುರಿದಾಗ ಬಿಳಿ ಎಳೆಗಳು ಎದ್ದವು. ಯಾವುದು ಯಾರದೆಂದು ಹೇಳಲು ಬರುವಂತಿರಲಿಲ್ಲ. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಮರುದಿನ ಆ ಪ್ರಶ್ನೆ ಕೇಳಿದ ಹುಡುಗಿಯ ಅಪ್ಪ ನೇರವಾಗಿ ಪ್ರಯೋಗಾಲಯಕ್ಕೆ ಬಂದ. ಹಿಂದೆಯೇ ಪ್ರಾಂಶುಪಾಲರು.

"ಯಾರನ್ನ ಕೇಳಿ ಮಾಡಿಸಿದ್ರಿ? ಆ ಹುಡುಗಿ ಯಾವ ಓಣಿಯಾಕಿ ಅಂತ ಗೊತ್ತದ ಏನು ನಿಮಗ? ಆಕಿ ಎಂಜಲದಾಗ ನಮ್ಮ ಹುಡುಗಿ ಎಂಜಲ ಕೂಡಿಸ್ತೀರಿ? ನಮ್ಮ ರಕ್ತಾನೇ ಬ್ಯಾರೆ ಅದರೀ, ತಿಳಕೋರಿ!"

ಹೇಳಿ ಮುಗಿಸಿ, ಬಾಯಲ್ಲಿದ್ದ ಗುಟ್ಕಾವನ್ನು ಕೈತೊಳೆಯುವ ಸಿಂಕಿನೊಳಗೆ ಪಿಚಕ್ಕೆಂದು ಉಗಿದ. ಹುಡುಗಿಯರಿಬ್ಬರೂ ಬಾಗಿಲಲ್ಲೇ ನಿಂತಿದ್ದರು.

ನನ್ನ ಬಾಯಲ್ಲಿ ಉತ್ತರವಿತ್ತು. ಪ್ರಾಂಶುಪಾಲರು ಮೆಲ್ಲಗೆ, "ಮೇಡಂ, ದೊಡ್ಡದು ಮಾಡಬ್ಯಾಡ್ರಿ. ತಪ್ಪಾತು ಅಂದ್ಬಿಡ್ರಿ," ಎಂದರು.

"ತಪ್ಪಾಯ್ತು," ಎಂದೆ. ಆ ಗೆಳತಿ ನನ್ನನ್ನೇ ನೋಡುತ್ತಿದ್ದಳು. ನಾನು ಅವಳತ್ತ ನೋಡಲಿಲ್ಲ.

ಅವರು ಹೋದ ಮೇಲೆ ಸಿಂಕನ್ನು ನಾನೇ ತೊಳೆದೆ. ಫಿನಾಯಿಲ್ ಸುರಿದು ಉಜ್ಜಿದಷ್ಟೂ ಅಡಿಕೆಯ ಚೂರು ಜಾಲರಿಗೆ ಅಂಟಿಕೊಳ್ಳುತ್ತಿತ್ತು. ಬೆರಳಿಂದಲೇ ಕೆರೆದು ತೆಗೆದೆ. ಆ ಚೂರಿನಲ್ಲೂ ಅವನ ಕೆನ್ನೆಯ ಕೋಶಗಳು, ಅವನ ಅಪ್ಪ ಅಜ್ಜಂದಿರು ಕೊಟ್ಟ ಎಲ್ಲವೂ ಇರುತ್ತದೆಂದು ಹೊಳೆದು ವಾಂತಿ ಬಂತು. ಅಂದು ಬುತ್ತಿ ಬಿಚ್ಚಲಿಲ್ಲ. ಸಂಜೆ ಬಸ್ಸಿನಲ್ಲಿ ನೆನಪಾದಾಗಲೆಲ್ಲ ಅವನ ಉಗುಳಿಗಿಂತ ನಾನಂದ ಆ ಒಂದು ಮಾತೇ ಹೆಚ್ಚು ಹೇಸಿಗೆ ಹುಟ್ಟಿಸಿತು.

ಅವನ ಮಗಳನ್ನು ಬೇರೆ ಬೆಂಚಿಗೆ ಕೂರಿಸಿದರು. ಕೆಲವು ವಾರ ಕಳೆದವು. ಒಂದು ದಿನ ತರಗತಿ ಬಿಟ್ಟ ಮೇಲೆ ನನ್ನ ಮೇಜಿನ ಹತ್ತಿರ ಬಂದಳು.

"ಮೇಡಂ, ನಮ್ಮಪ್ಪ ಅಂದಿದ್ದು ಖರೇ ಏನ್ರೀ? ಅದೆಲ್ಲ ರಕ್ತದಾಗ ಇರ್ತದಾ?"

"ರಕ್ತಕ್ಕೆ ಕೆಂಪು ಬಣ್ಣ ಕೊಡುವ ಕಣಗಳಿವೆಯಲ್ಲ, ಬೆಳೆದ ಮೇಲೆ ಅವುಗಳಲ್ಲಿ ಕೋಶಕೇಂದ್ರವೇ ಇರುವುದಿಲ್ಲ," ಎಂದೆ. "ಹಾಗಾಗಿ ವಂಶವಾಹಿಯೂ ಇಲ್ಲ. ರಕ್ತದಲ್ಲಿ ಅದು ಇರುವುದು ಬಿಳಿ ಕಣಗಳಲ್ಲಿ. ಎಂಜಲಿನಲ್ಲಿ ಇರುವುದೂ ಅದೇ. ಯಾರು ಯಾವ ಓಣಿಯವರೆಂದು ಅದರಲ್ಲಿ ಎಲ್ಲೂ ಬರೆದಿರುವುದಿಲ್ಲ."

"ಮತ್ತ ಅವತ್ತು ಯಾಕ ಹೇಳಲಿಲ್ರೀ?"

"ಅಂಜಿದೆ."

ಮರುದಿನ ಬೆಳಿಗ್ಗೆ ಅವಳು ಯಾರನ್ನೂ ಕೇಳದೆ ಚೀಲ ಎತ್ತಿಕೊಂಡು ಮೊದಲಿನ ಬೆಂಚಿಗೆ ಬಂದಳು. ಗೆಳತಿ ಸರಿದು ಜಾಗ ಬಿಡಲಿಲ್ಲ, ಮುಖವನ್ನೂ ಎತ್ತಲಿಲ್ಲ. ಬಂದವಳು ಬೆಂಚಿನ ತುದಿಯಲ್ಲೇ ಕುಳಿತು ಪುಸ್ತಕ ತೆರೆದಳು.